ಒರತೆಯ ವಿರುದ್ಧ ಎತ್ತಿದ ಕೈಗಳು

ಹೊಳೆನರಸೀಪುರದ ದೇವಸ್ಥಾನದ ಬೀದಿಯಲ್ಲಿ ಹುಟ್ಟಿ ಕಮ್ಯುನಿಸ್ಟರಾದ ವೆಂಕಟರಾಮಯ್ಯನವರನ್ನು ತಾಲ್ಲೂಕಿನ ಕೂಲಿಯವರೆಲ್ಲ ಕಾಮ್ರೇಡ್ ಐನೋರು ಎಂದೇ ಕರೆಯುತ್ತಿದ್ದರು. ಜನಿವಾರ ತೆಗೆದು ಎಷ್ಟೋ ಕಾಲವಾಗಿತ್ತು, ಐನೋರು ಅನ್ನುವುದನ್ನು ಮಾತ್ರ ತೆಗೆಸಲು ಆಗಿರಲಿಲ್ಲ. "ಐನೋರು ಗಿಯ್ನೋರು ಏನೂ ಬೇಡ, ಬರೀ ಕಾಮ್ರೇಡ್ ಅನ್ನಿ" ಎಂದು ಸಿಡುಕುತ್ತಿದ್ದರು. "ಆಗ್ಲೇಳಿ ಐನೋರೇ" ಎನ್ನುತ್ತಿದ್ದರು ಜನ. ಕಡೆಗೆ ಅವರೇ ಸುಮ್ಮನಾದರು.

ಚುನಾವಣೆಗೆ ನಿಂತಾಗಲೆಲ್ಲ ಠೇವಣಿ ಹೋಗುತ್ತಿತ್ತು. ಓಟು ಹಾಕದ ಜನವೇ ಮಾರನೆಯ ದಿನ ಕಷ್ಟ ಹೇಳಿಕೊಂಡು ಅವರ ಜಗಲಿಗೆ ಬಂದು ಕೂರುತ್ತಿದ್ದರು, ಇವರೂ ಚಪ್ಪಲಿ ಮೆಟ್ಟಿ ಹೊರಡುತ್ತಿದ್ದರು. ಅರಕಲಗೂಡು ಕಡೆ ಗೋಮಾಳದಲ್ಲಿ ನೀಲಗಿರಿ ನೆಡಲು ಬಂದಾಗ ಸೈಕಲ್ಲಿನಲ್ಲಿ ಊರೂರು ತಿರುಗಿ ಸಸಿ ಕೀಳಿಸಿ ಜೈಲು ಕಂಡರು. ನುಗ್ಗೇಹಳ್ಳಿ ಕಡೆ ಕೆರೆಯಂಗಳ ಒತ್ತುವರಿಯಾದಾಗ ಏರಿಯ ಮೇಲೆ ನಿಂತು ಗಂಟಲು ಹರಿದುಕೊಂಡರು. ನೀಲಗಿರಿಯೂ ಬೆಳೆಯಿತು, ಒತ್ತುವರಿಯೂ ಬೆಳೆಯಿತು. ಇವರ ಗಂಟಲು ಮಾತ್ರ ಶಾಶ್ವತವಾಗಿ ಒಡೆದು ಹೋಯಿತು.

ಅವರ ಪಾರ್ಟಿಗೂ ಈ ಗೀಳು ಹಿಡಿಸುತ್ತಿರಲಿಲ್ಲ. "ಕೂಲಿ ಬಗ್ಗೆ ಮಾತಾಡಿ ಅಂದ್ರೆ ಗಿಡದ ಬಗ್ಗೆ ಶುರು ಮಾಡ್ತೀರಲ್ಲ" ಎಂದು ಹಾಸನದ ಸಭೆಯಲ್ಲಿ ಯಾರೋ ನಕ್ಕಿದ್ದಕ್ಕೆ ಮೈಯೆಲ್ಲ ಉರಿದುಹೋಗಿ, "ಕೂಲಿಯವನು ಕುಡಿಯೋದು ನೀರಲ್ಲದೆ ಇನ್ನೇನಯ್ಯಾ?" ಎಂದು ಕೂಗಾಡಿ ಊಟವನ್ನೂ ಮಾಡದೆ ಬಸ್ಸು ಹತ್ತಿದ್ದರು. ಹೆಂಡತಿ ಶ್ರೀರಂಗಮ್ಮ ಅವರು ಮನೆ ಮುಟ್ಟಿದ ಸರಿರಾತ್ರಿಯಲ್ಲಿ ಮತ್ತೆ ಅನ್ನಕ್ಕೆ ಇಟ್ಟರು. ಆಕೆಗೆ ಇದೆಲ್ಲ ರೂಢಿಯಾಗಿತ್ತು.

ಇಷ್ಟೆಲ್ಲದರ ನಡುವೆ ಅವರಿಗೆ ಪ್ರಾಣವಾಗಿದ್ದದ್ದು ಹೊಳೆ. ಗೊರೂರಿನಲ್ಲಿ ಅಣೆಕಟ್ಟು ಎದ್ದ ಮೇಲೆ ಹೇಮಾವತಿಗೆ ಮೇಲಿನಿಂದ ಹೊಸ ಮರಳು ಬರುವುದು ನಿಂತಿತ್ತು, ಇದ್ದದ್ದಷ್ಟೇ ಕೊನೆ. ತೊಂಬತ್ತರ ದಶಕದಲ್ಲಿ ಅದನ್ನೂ ಒಬ್ಬ ಕಂಟ್ರಾಕ್ಟರು ಲಾರಿಗಟ್ಟಲೆ ಬೆಂಗಳೂರಿಗೆ ಸಾಗಿಸತೊಡಗಿದ. ಮರಳು ತುಂಬುತ್ತಿದ್ದವರು ಹೊಳೆದಂಡೆಯ ಹಟ್ಟಿಗಳ ಬಡವರು. ವೆಂಕಟರಾಮಯ್ಯನವರು ಅವರ ಸಂಘ ಕಟ್ಟಿದರು. ಕಂಟ್ರಾಕ್ಟರನನ್ನು ಓಡಿಸಬೇಕು, ಮರಳಿನ ಹಕ್ಕು ತುಂಬುವವರ ಕೈಗೇ ಬರಬೇಕು ಎಂದು ಮುಷ್ಕರಕ್ಕೆ ಕರೆ ಕೊಟ್ಟರು.

ಹೊಂಗೆ ಮರದಡಿ ಸಭೆ ಸೇರಿ ಕೈ ಎತ್ತಿಸಿದಾಗ ಬೇಡವೆಂದವನು ಒಬ್ಬನೇ, ಬೈರಯ್ಯ.

"ಮನೇಲಿ ಬಾಣಂತಿ ಅವ್ಳೆ ಐನೋರೇ. ಕೆಲ್ಸ ನಿಂತ್ರೆ ಅವ್ಳ ಬಾಯ್ಗೆ ಏನಾಕ್ಲಿ?"

ವೆಂಕಟರಾಮಯ್ಯನವರು ಮೆರವಣಿಗೆಯ ಕೆಂಬಾವುಟವನ್ನು ತಂದು ಅವನ ಕೈಗೇ ಕೊಟ್ಟರು.

"ಬ್ಯಾಡ ಅಂದೋನ ಕೈಗೆ ಕೊಡ್ತೀರಲ್ಲ!"

"ಅದಕ್ಕೇ ಕೊಡೋದು. ತೀರ್ಮಾನ ಆಗೋ ತನಕ ನಿನ್ನ ಮಾತು, ಆದ್ಮೇಲೆ ಎಲ್ಲರ ಮಾತು. ಸೋತೋನು ಮುಂದೆ ನಿಂತ್ರೇನೇ ಸಂಘ ಒಂದಾಗಿದೆ ಅಂತ ಊರಿಗೆ ಗೊತ್ತಾಗೋದು."

ಬೈರಯ್ಯ ಅಳುತ್ತಲೇ ಬಾವುಟ ಹಿಡಿದ. ಅಂದಿನಿಂದ ಅದೇ ಪದ್ಧತಿಯಾಯಿತು. ಕೈ ಎತ್ತಿ ಸೋತವನು ಬಾವುಟ ಹಿಡಿದು ಮುಂದೆ ನಡೆಯಬೇಕು.

ಮುಷ್ಕರ ಗೆದ್ದಿತು. ಮರಳಿನ ಹಕ್ಕು ಸಂಘಕ್ಕೇ ಬಂತು. ಆ ದಿನ ವೆಂಕಟರಾಮಯ್ಯನವರು ಭಾಷಣದಲ್ಲಿ, "ಕಂಟ್ರಾಕ್ಟರು ಹೊಳೆಯನ್ನ ದೋಚಬಹುದು, ಹೊಳೆದಂಡೇಲಿ ಹುಟ್ಟಿದವನು ದೋಚ್ತಾನಾ? ಬೇಕಾದಷ್ಟು ತಗೊಂಡು ಮಿಕ್ಕಿದ್ದನ್ನ ಕಾಯ್ತಾನೆ" ಎಂದರು. ಜನ ಚಪ್ಪಾಳೆ ತಟ್ಟಿದರು. ಅವರು ಅದನ್ನು ಮನಸಾರೆ ನಂಬಿದ್ದರು. ಅವರ ಬಾಳಿನ ದೊಡ್ಡ ತಪ್ಪು ಅದೊಂದೇ, ಪುಣ್ಯಾತ್ಮರು ಅದನ್ನು ಮೈಕಿನಲ್ಲಿ ಹೇಳಿದರು.

ಯಾರೂ ಕೆಟ್ಟವರಾಗಲಿಲ್ಲ. ಹಾಗಾಗಿದ್ದರೆ ಬೈದು ಹಗುರಾಗಬಹುದಿತ್ತು. ಒಬ್ಬನಿಗೆ ಮಗಳ ಮದುವೆ, ಒಬ್ಬನಿಗೆ ಸೋರುವ ಮನೆ, ಇನ್ನೊಬ್ಬನಿಗೆ ಮಗನನ್ನು ಚನ್ನರಾಯಪಟ್ಟಣದಲ್ಲಿ ಓದಿಸುವ ಆಸೆ. ಎತ್ತಿನ ಗಾಡಿಗಳು ಹೋಗಿ ಟ್ರ್ಯಾಕ್ಟರುಗಳು ಬಂದವು. ಬೈರಯ್ಯ ಸಂಘದ ಅಧ್ಯಕ್ಷನಾದ. ವೆಂಕಟರಾಮಯ್ಯನವರು ಮನೆಮನೆಗೆ ಹೋಗಿ ಸಾಕು ಮಾಡ್ರಯ್ಯಾ ಎಂದರೆ ಎಲ್ಲರೂ ಚಾಪೆ ಹಾಸಿ ಕಾಫಿ ಕೊಟ್ಟು, ದಿಟ ಐನೋರೇ ಎಂದು ತಲೆಯಾಡಿಸುತ್ತಿದ್ದರು. ಬೆಳಿಗ್ಗೆ ಸನಿಕೆ ಹಿಡಿದು ಹೊಳೆಗೇ ಇಳಿಯುತ್ತಿದ್ದರು. ಒಂದೊಂದೇ ಮರಳಿನ ದಿಣ್ಣೆ ಕರಗಿ ಕೆಳಗಿನ ಬಂಡೆ ಎದ್ದಿತು.

ಎರಡು ಸಾವಿರದ ಮೂರರ ಬರಗಾಲದ ಹೊತ್ತಿಗೆ ಉಳಿದದ್ದು ಬೈರಯ್ಯನ ಹಟ್ಟಿಯ ಕೆಳಗಿನ ದಿಣ್ಣೆ ಒಂದೇ. ಹೊಳೆ ಬತ್ತಿದರೂ ಅಲ್ಲಿ ಮೊಣಕೈಯಷ್ಟು ಆಳ ಮರಳು ತೋಡಿದರೆ ತಿಳಿನೀರಿನ ಒರತೆ ಸಿಗುತ್ತಿತ್ತು. ಬೋರಿನ ನೀರು ಬಾಯಿಗಿಡಲಾಗದಷ್ಟು ಉಪ್ಪು, ಹಟ್ಟಿಯ ಹೆಂಗಸರೆಲ್ಲ ಕುಡಿಯುವ ನೀರಿಗೆ ಅಲ್ಲಿಗೇ ಬರುತ್ತಿದ್ದರು. ಬೈರಯ್ಯನ ತಾಯಿ ದೊಡ್ಡಮ್ಮ ಕರಟದಲ್ಲಿ ನೀರು ಮೊಗೆದು ಬಿಂದಿಗೆ ತುಂಬುತ್ತಿದ್ದವಳು ವೆಂಕಟರಾಮಯ್ಯನವರನ್ನು ಕಂಡು ಎದ್ದಳು.

"ಇದೊಂದ ಉಳ್ಸಿಕೊಡಿ ಐನೋರೇ. ಇದ್ಕೂ ಕೈ ಆಕ್ತಾರಂತೆ."

"ನಿನ್ನ ಮಗನಿಗೇ ಹೇಳಬಾರದಾ?"

"ಯೋಳ್ದೆ. ಸಂಗ ಅಂದಂಗೆ ಅಂತಾನೆ. ಸಂಗ ಕಟ್ಟಿದೋರು ನೀವೇ ತಾನೇ?"

ಅವರು ಮಾತು ಕೊಟ್ಟರು. ಕೊಡದೆ ಹೇಗೆ ಇರುತ್ತಾರೆ?

ಮರಳಿನ ಹಕ್ಕು ಸಂಘದ್ದೇ ಆದರೂ ಉಳಿದ ಆ ಒಂದು ದಿಣ್ಣೆಗೆ ಪರವಾನಗಿ ಕೊಡಲು ತಾಲ್ಲೂಕು ಆಫೀಸಿನವರು ಹಿಂದೆಮುಂದೆ ನೋಡುತ್ತಿದ್ದರು. ಮೆರವಣಿಗೆ ಹೋಗಿ ಕೇಳುವುದೋ ಬಿಡುವುದೋ ಎಂದು ಅದೇ ಹೊಂಗೆ ಮರದಡಿ ಸಭೆ ಸೇರಿತು. ವೆಂಕಟರಾಮಯ್ಯನವರು ಒಡಕು ದನಿಯಲ್ಲಿ ಅಂಗಲಾಚಿದರು. ನಿಮ್ಮ ಹೆಂಡಿರು ಮಕ್ಕಳು ಕುಡಿಯುವ ನೀರಯ್ಯಾ, ಅದರ ಮೇಲೆ ಸನಿಕೆ ಹಾಕಬೇಡಿ ಎಂದರು. ಹಿಂದಿನಿಂದ ಕೆಂಪಣ್ಣ ಎಂಬುವನು ಎದ್ದು ಮೆತ್ತಗೆ ಕೇಳಿದ: "ನೀವನ್ನೋದು ಸರಿ ಸಾ. ನಾಳಿಂದ ನಾವು ಏನ್ ಮಾಡಾದು ಅಂತ್ಲೂ ಯೋಳಿ."

ಜೀವಮಾನವೆಲ್ಲ ಮಾತಾಡಿದ ಮನುಷ್ಯ ಬಾಯಿ ತೆರೆದು ಹಾಗೇ ಮುಚ್ಚಿದರು.

ಕೈಗಳು ಎದ್ದವು. ಬೇಡವೆಂದು ಎದ್ದದ್ದು ಅವರದೊಂದೇ. ದೊಡ್ಡಮ್ಮ ಮತ್ತಿತರ ಹೆಂಗಸರು ದೂರದಲ್ಲಿ ನಿಂತು ನೋಡುತ್ತಿದ್ದರು. ಮರಳಿನ ಬಾಂಡ್ಲಿ ಹೊತ್ತವರು ಅವರೂ ಹೌದು, ಆದರೆ ಅವರು ಸದಸ್ಯರಲ್ಲ. ಹೆಂಗಸರ ವಿಷಯ ಆಮೇಲೆ ನೋಡೋಣ ಎಂದು ಸಂಘ ಕಟ್ಟಿದ ದಿನ ಮುಂದಕ್ಕೆ ಹಾಕಿದವರು ಯಾರು? ಇದೇ ವೆಂಕಟರಾಮಯ್ಯನವರು. ಆ ಕಡೆ ತಿರುಗಿ ನೋಡಲು ಅವರಿಗೆ ಮುಖವಿರಲಿಲ್ಲ.

ಬೈರಯ್ಯ ಬಾವುಟ ತಂದು ಅವರ ಮುಂದೆ ನಿಂತ. ಕಣ್ಣು ನೆಲದ ಮೇಲಿತ್ತು.

"ಬಲವಂತ ಏನಿಲ್ಲ ಐನೋರೇ. ನೀವು ಮನೆಗೋದ್ರೂ ಯಾರೂ ಏನೂ ಅನ್ನಾಕಿಲ್ಲ."

ಹೋಗಬಹುದಿತ್ತು. ಆದರೆ ಬಾಣಂತಿಯನ್ನು ಮನೆಯಲ್ಲಿ ಬಿಟ್ಟು ಅಳುತ್ತ ಬಾವುಟ ಹಿಡಿದವನು ಎದುರಿಗೇ ನಿಂತಿದ್ದ. ಅವನಿಗೊಂದು ನ್ಯಾಯ, ತನಗೊಂದು ನ್ಯಾಯವೇ? ಅವರು ಕೈ ಚಾಚಿ ಬಾವುಟ ತೆಗೆದುಕೊಂಡರು.

ಮೆರವಣಿಗೆ ಸೇತುವೆ ದಾಟಿತು. ಅವರೇ ಹಿಂದೆಂದೋ ಕಟ್ಟಿಕೊಟ್ಟ ಘೋಷಣೆಗಳನ್ನು ಹಿಂದಿನವರು ಕೂಗುತ್ತಿದ್ದರು. ಆಫೀಸಿನ ಮುಂದೆ ಅಧಿಕಾರಿ ಹೊರಗೆ ಬಂದವರು ಅವರನ್ನು ಕಂಡು ಅವಾಕ್ಕಾದರು.

"ಏನ್ ಸಾರ್, ಈ ಸಲ ನೀವೇ ಕೇಳೋಕೆ ಬಂದಿದ್ದೀರಿ?"

ನಾನು ಬೇಡವೆಂದವನು ಎಂಬ ಮಾತು ವೆಂಕಟರಾಮಯ್ಯನವರ ನಾಲಿಗೆಯ ತುದಿಯವರೆಗೂ ಬಂತು. ಬೆನ್ನ ಹಿಂದೆ ಸಂಘ ಉಸಿರು ಬಿಗಿಹಿಡಿದು ನಿಂತಿತ್ತು.

"ಸಂಘದ ತೀರ್ಮಾನ" ಎಂದರು.

"ನನಗೆ ಇಷ್ಟು ದಿವಸ ಹೊಳೆಗೆ ತೊಂದರೆ ಆಗುತ್ತೇನೋ ಅನ್ನೋ ಭಯ ಇತ್ತು. ನೀವೇ ಬಾವುಟ ಹಿಡಿದು ಬಂದಿದ್ದೀರಿ ಅಂದ್ಮೇಲೆ ಇನ್ನೇನು ಯೋಚನೆ! ಹೊಳೆ ವಿಷಯದಲ್ಲಿ ನಿಮಗಿಂತ ತಿಳಿದವರು ಯಾರಿದ್ದಾರೆ?" ಎಂದು ಅಧಿಕಾರಿ ನಿಜವಾದ ಗೌರವದಿಂದ ಕೈಮುಗಿದರು. ಪರವಾನಗಿ ಅಂದೇ ಆಯಿತು. ಅಷ್ಟು ಕಾಲ ಹೊಳೆಗಾಗಿ ಕೂಗಿ ಸಂಪಾದಿಸಿದ ಹೆಸರು ಕಡೆಗೆ ಈ ಕೆಲಸಕ್ಕೆ ಒದಗಿತು.

ಮನೆಗೆ ಬಂದವರು ಊಟ ಬೇಡವೆಂದರು. "ಏನಾಯ್ತೂಂದ್ರೆ?" ಎಂದು ಶ್ರೀರಂಗಮ್ಮ ಕೇಳಿದಾಗ, "ಗೆದ್ವಿ ಕಣೆ" ಎಂದು ಗೋಡೆಯ ಕಡೆ ತಿರುಗಿ ಕೂತರು. ಆ ಬೆನ್ನು ಅಲುಗುವುದನ್ನು ಕಂಡು ಆಕೆ ಅನ್ನದ ಪಾತ್ರೆಗೆ ತಟ್ಟೆ ಮುಚ್ಚಿಟ್ಟರು.

ಬೆಳಿಗ್ಗೆ ಅವರು ಹೊಳೆಗೆ ಹೋದಾಗ ಟ್ರ್ಯಾಕ್ಟರುಗಳು ದಿಣ್ಣೆಗೆ ಇಳಿದಾಗಿತ್ತು. ದೊಡ್ಡಮ್ಮ ಕರಟ ಹಿಡಿದು ದಂಡೆಯಲ್ಲಿ ಕೂತಿದ್ದಳು. ಬೈಯುತ್ತಾಳೆ, ಬೈದರೆ ಬೈಸಿಕೊಳ್ಳಬೇಕು ಎಂದುಕೊಂಡೇ ಅವರು ಹತ್ತಿರ ಹೋದರು. ಅವಳು ಬೈಯಲಿಲ್ಲ.

"ನೀವೇ ಮುಂದೆ ಓಗಿದ್ರಂತೆ. ಅಂದ್ಮ್ಯಾಲೆ ನೀರಿಗೆ ಬ್ಯಾರೆ ದಾರಿ ಏನೋ ಮಾಡಿರ್ತೀರ. ಆ ನೀರು ಯಾವಾಗ ಬರ್ತದೆ ಐನೋರೇ?" ಎಂದು ಕೇಳಿ, ಉತ್ತರಕ್ಕಾಗಿ ಅವರ ಮುಖವನ್ನೇ ನೋಡುತ್ತ ಕೂತಳು.