ದೋಣಿಯ ಹಿಂದೆ ಬಂದ ತಾಯಿ

ಸಾಸ್ತೂರಿನ ಕುರಿಗಾರರ ಮಗಳು ತ್ರಿವೇಣಿ ಸಮುದ್ರ ನೋಡಿದ್ದೇ ಕಾಲೇಜಿಗೆ ಹೋದ ಮೇಲೆ. ಪ್ರಾಣಿಶಾಸ್ತ್ರ ಓದಿ, ಮಾಲವಣದ ಕರಾವಳಿಯಲ್ಲಿ ಡಾಲ್ಫಿನ್‌ಗಳ ಸಂಶೋಧನೆ ಮಾಡುವ ತಂಡ ಸೇರಿದಳು. ಊರವರು ಅವನ್ನು ಮೀನೆಂದರೆ, "ಮೀನಲ್ಲರೀ, ನಮ್ಮ ಕುರಿ ಹಂಗ ಮರಿಗೆ ಹಾಲು ಕುಡಸ್ತಾವ" ಎನ್ನುತ್ತಿದ್ದಳು.

ಆ ವರ್ಷ ಮರಿಗಳು ಒಂದೊಂದಾಗಿ ಸಾಯುತ್ತಿದ್ದವು. ಕಾರಣ ಗೊತ್ತಿರಲಿಲ್ಲ, ದಡಕ್ಕೆ ಬರುವಷ್ಟರಲ್ಲಿ ಕೊಳೆತಿರುತ್ತಿದ್ದವು. ಒಂದು ಬೆಳಗ್ಗೆ ದೋಣಿಯಿಂದ ನೋಡಿದರೆ, ತಾಯಿಯೊಂದು ಸತ್ತ ಮರಿಯನ್ನು ಮೂತಿಯಿಂದ ನೀರಿನ ಮೇಲಕ್ಕೆತ್ತುತ್ತಿತ್ತು. ಮರಿ ಜಾರುತ್ತಿತ್ತು, ತಾಯಿ ಮತ್ತೆ ಎತ್ತುತ್ತಿತ್ತು. ಈ ಮರಿ ಕೊಳೆಯುವ ಮುನ್ನ ಸಿಕ್ಕರೆ ಕಾರಣ ತಿಳಿದೀತು ಎಂದ ತಂಡದ ಹಿರಿಯ ದಿಗಂಬರ. ತಾಯಿ ತುಸು ಸರಿದಾಗ ತ್ರಿವೇಣಿಯೇ ಬಾಗಿ ಮರಿಯನ್ನು ದೋಣಿಗೆಳೆದುಕೊಂಡಳು.

ತಾಯಿ ಬಂದರಿನವರೆಗೂ ದೋಣಿಯ ಹಿಂದೆ ಬಂತು.

ಮರಿ ಬಲೆಗೆ ಸಿಕ್ಕಿ ಉಸಿರುಗಟ್ಟಿ ಸತ್ತಿದ್ದು ಪರೀಕ್ಷೆಯಲ್ಲಿ ತಿಳಿಯಿತು. ಅಳಿವೆಯ ಬಾಯಲ್ಲಿ ಬಲೆ ಬಿಡುವುದಿಲ್ಲವೆಂದು ಮೀನುಗಾರರು ಒಪ್ಪಿದರು. ಎಲ್ಲರೂ ತ್ರಿವೇಣಿಯನ್ನು ಹೊಗಳಿದರು. ಅವಳು ಮಾತ್ರ ರಜೆ ಹಾಕಿ, ಉಮರ್ಗಾದಲ್ಲಿ ಬಸ್ಸಿಳಿದು ಊರಿಗೆ ಹೋದಳು.

ಹಿಂದೆ ಊರನ್ನೇ ಕೆಡವಿದ್ದ ಭೂಕಂಪದಲ್ಲಿ ಅವಳ ತಾಯಿ ಮಾಳಮ್ಮ ಚೊಚ್ಚಲ ಮಗನನ್ನು ಕಳೆದುಕೊಂಡಿದ್ದಳು. ತ್ರಿವೇಣಿ ಹುಟ್ಟಿದ್ದು ಆಮೇಲೆ. ಜೋಳ ಹಸನು ಮಾಡುತ್ತಿದ್ದ ತಾಯಿಯ ಮುಂದೆ ಎಲ್ಲ ಹೇಳಿಕೊಂಡಳು.

"ಎಲ್ಲಿ ತನಕ ಬಂತದು?"

"ದಂಡಿ ತನಕ ಬಂತವ್ವಾ."

ಮಾಳಮ್ಮನ ಕೈ ನಿಂತಿತು. "ಮಿಲ್ಟ್ರಿ ಜವಾನರು ನಿಮ್ಮಣ್ಣನ್ನ ನನ್ನ ಉಡಿಯಿಂದ ಕಸಗೊಂಡಾಗ ನಾನೂ ಹಿಂದ ಓಡಿದ್ದೆ. ಅವರದೇನ ತಪ್ಪಿಲ್ಲ, ಹೆಣ ಸುಡಬೇಕಿತ್ತು. ಆದ್ರ ಇನ್ನೊಂದ ಘಳಿಗಿ ಬಿಟ್ಟಿದ್ರ ನಾನಾ ಕೊಡ್ತಿದ್ದೆ."

"ನಾ ಮಾಡಿದ್ದು ತಪ್ಪೇನವ್ವಾ?"

ಮಾಳಮ್ಮ ಮೊರವನ್ನೆತ್ತಿಕೊಂಡು ಒಳಗೆ ಹೋದಳು.

ಮಳೆಗಾಲ ಕಳೆದ ಮೇಲೆ ಇನ್ನೊಂದು ತಾಯಿ ಸತ್ತ ಮರಿಯನ್ನು ಹೊತ್ತು ಕಾಣಿಸಿಕೊಂಡಿತು. ದಿಗಂಬರ ಮುಂದೆ ಬಾಗಿದಾಗ ತ್ರಿವೇಣಿ ಅವನ ಕೈ ಹಿಡಿದಳು. "ಅದು ತಾನಾ ಬಿಡ್ಲಿ ರೀ, ಕಾಯೂಣು."

ದೂರದಿಂದಲೇ ದಿನವಿಡೀ ಹಿಂಬಾಲಿಸಿದರು. ಸಂಜೆ ತಾಯಿ ಮರಿಯನ್ನು ಬಿಟ್ಟಿತು. ಇವರು ತಲುಪುವಷ್ಟರಲ್ಲಿ ಮರಿ ಆಳಕ್ಕಿಳಿದಿತ್ತು. ದಿಗಂಬರ ಸಿಟ್ಟಿನಿಂದ ದೋಣಿಯನ್ನು ದಡಕ್ಕೆ ತಿರುಗಿಸಿದ.

ಆ ಮರಿ ಯಾಕೆ ಸತ್ತಿತೆಂದು ಗೊತ್ತಾಗಲೇ ಇಲ್ಲ. ಬಲೆ ಇಲ್ಲದ ನೀರಿನಲ್ಲೂ ಆಮೇಲೆ ಮರಿಗಳು ಸತ್ತವು. ಅಂದು ದಿಗಂಬರನ ಕೈ ಹಿಡಿಯದಿದ್ದರೆ ಇವು ಉಳಿಯುತ್ತಿದ್ದವೇನೋ ಎಂಬ ಕೊರಗೂ ತ್ರಿವೇಣಿಗೆ ಸೇರಿಕೊಂಡಿತು. ಕೆಲಸವನ್ನು ಮಾತ್ರ ಅವಳು ಬಿಟ್ಟಿಲ್ಲ. ಕಾರಣ ಹುಡುಕುತ್ತಲೇ ಇದ್ದಾಳೆ, ತಾಯಂದಿರು ತಾವಾಗಿ ಬಿಟ್ಟುಹೋದ ಮರಿಗಳಲ್ಲಷ್ಟೇ.