ಅಂಗಡಿ ಫೋನು ಕೊಟ್ಟ ಉತ್ತರ

ಗೆಳೆಯರೆ, ಅಂಗಡಿಗೂ ಮನೆಗೂ ಒಂದೇ ವಾಟ್ಸಾಪ್ ನಂಬರ್ ಇಟ್ಟುಕೊಂಡವರು ಇದನ್ನೊಮ್ಮೆ ಓದಿಕೊಳ್ಳಿ.

ತಕ್ಷಣ ಉತ್ತರಿಸದಿದ್ದರೆ ಗಿರಾಕಿ ಕೈತಪ್ಪಿದಂತೆ ಎಂದು ಎಲ್ಲೋ ಓದಿ, ನಾರಾಯಣಪೇಟೆಯ ನಮ್ಮ ಸೀರೆ ಅಂಗಡಿಯ ನಂಬರಿಗೆ ಇವತ್ತು ಬೆಳಿಗ್ಗೆ ಆಟೋ ರಿಪ್ಲೈ ಹಾಕಿದೆ. ಮಧ್ಯಾಹ್ನ ಗದ್ವಾಲಿನಿಂದ ಒಂದು ಮೆಸೇಜ್ ಬಂತು. ನನ್ನ ಅಕ್ಕನ ಮಗಳು ಶ್ರೀದೇವಿಯನ್ನು ನೋಡಿಹೋಗಿದ್ದ ಹುಡುಗನ ತಾಯಿ ಬರೆದಿದ್ದರು: "ಇನ್ನೂ ಸ್ವಲ್ಪ ವಿಚಾರ ಮಾಡ್ತೀವ್ರಿ."

ನಾನು ನೋಡುವ ಮೊದಲೇ ಫೋನು ಉತ್ತರಿಸಿತ್ತು: "ನಮಸ್ಕಾರ. ಇರೋದು ಒಂದೇ ಪೀಸ್. ಆಗಲೇ ಮೂರು ಮಂದಿ ಕೇಳ್ಯಾರ. ತಡ ಮಾಡಬ್ಯಾಡ್ರಿ."

ಮರುಕ್ಷಣ ಅವರೇ ಕರೆ ಮಾಡಿದರು. "ಯಾರ್ರೀ ಆ ಮೂರು ಮಂದಿ? ಮಕ್ತಲ ಊರಿನವ್ರೇನು?"

"ಅಯ್ಯೋ, ಅದು ಸೀರಿ ಗಿರಾಕಿಗಳಿಗೆ ಬರದಿಟ್ಟದ್ದರಿ. ಫೋನ ತಾನ ಕಳಿಸೈತಿ."

"ಫೋನಿಗೆ ನಮ್ಮ ಸಂಬಂಧದ ಸುದ್ದಿ ಹೆಂಗ ಗೊತ್ತಾತ್ರಿ? ಮುಚ್ಚಿಡಬ್ಯಾಡ್ರಿ. ಗುರುವಾರ ಬರ್ತೀವಿ, ಮಾತು ಮುಗಿಸೋಣ."

ನಾನು ಇನ್ನೊಮ್ಮೆ ವಿವರಿಸಬಹುದಿತ್ತು. ವಿವರಿಸಲಿಲ್ಲ. ಅದು ಸಂಕೋಚವೋ ಆಸೆಯೋ, ಈಗಲೂ ಗೊತ್ತಾಗುತ್ತಿಲ್ಲ.

ಗಲ್ಲಾದ ಹತ್ತಿರ ನಿಂತು ಎಲ್ಲ ಕೇಳಿಸಿಕೊಂಡಿದ್ದ ಶ್ರೀದೇವಿ ಫೋನು ತೆಗೆದುಕೊಂಡು ಆ ಮೆಸೇಜ್ ಓದಿ ನಕ್ಕಳು. "ಚಿಕ್ಕಮ್ಮಾ, ಪೀಸ್ ಅಂದದ್ದು ಮಾಫ್. ಆದ್ರ ನಾನೂ ಇನ್ನೂ ವಿಚಾರ ಮಾಡಾಕತ್ತೀನಿ. ಹುಡುಗನ ಜೋಡಿ ಕುಂತು ಮಾತಾಡದ ಹೂಂ ಅನ್ನಂಗಿಲ್ಲ."

ಆಟೋ ರಿಪ್ಲೈ ತೆಗೆದಿದ್ದೇನೆ. ಗುರುವಾರ ಗದ್ವಾಲಿನವರಿಗೆ ಉತ್ತರ ಕೊಡುವವಳು ಅವಳೇ. ಅದು ತಕ್ಷಣ ಬರುವ ಲಕ್ಷಣವಂತೂ ಇಲ್ಲ.