ಭಂಡಾರ ಹಚ್ಚಿದ ಕಲ್ಲು

ಹಂಪವ್ವ ಗುಡ್ಡದಲ್ಲಿ ನೆಟ್ಟ ಬೋರ್ಡು ವಾರ ತುಂಬುವುದರೊಳಗೆ ಕುರಿಹಟ್ಟಿಯ ಬಾಗಿಲಾಗಿತ್ತು. 'ಇಲ್ಲಿ ಮೇಯಿಸಬಾರದು' ಎಂಬ ಅಕ್ಷರಗಳು ತಲೆಕೆಳಗಾಗಿ ಅವಳ ಭಾವ ಮುದಿಯಪ್ಪನ ಹಟ್ಟಿಗೆ ಅಡ್ಡ ನಿಂತಿದ್ದವು. ಮರಿಗಳು ಅದರ ಬಣ್ಣ ನೆಕ್ಕುತ್ತಿದ್ದವು.

"ಬೋರ್ಡು ಭಾಳ ಛಲೋ ಐತವಾ," ಎಂದ ಮುದಿಯಪ್ಪ. "ತೋಳ ಬರೂದ ನಿಂತೈತಿ. ಅದಕ್ಕ ಓದಾಕ ಬರ್ತೈತಿ ಕಾಣ್ತದ."

ಹಂಪವ್ವ ಯಲಬುರ್ಗಾ ಕಡೆಯ ಕುರುಬರ ಮನೆಯ ಸೊಸೆ. ಗಂಡ ತೀರಿಕೊಂಡ ಮೇಲೆ ಅವನ ಪಾಲಿನ ಕುರಿಗಳು ಅಣ್ಣ ಮುದಿಯಪ್ಪನ ಹಿಂಡಿನಲ್ಲಿ ಸೇರಿಹೋದವು. ಅವಳು ಬೀಜದ ತೋಟಗಳಲ್ಲಿ ಪರಾಗ ಕೂಡಿಸಲು ಹೂವಿಗೆ ಹೂವು ಮುಟ್ಟಿಸುವ ಕೂಲಿಗೆ ಹೋದಳು. ಕುಷ್ಟಗಿಯಲ್ಲಿ ಒಂದು ಸಂಸ್ಥೆಯವರು ಕುರಿಗಾರ ಮನೆತನದವರಿಗೆ ಗುಡ್ಡ, ಹುಲ್ಲು, ಹಳ್ಳ ಕಾಯುವ ತರಬೇತಿ ಕೊಡುತ್ತಾರೆಂದು ಕೇಳಿ ಸೇರಿಕೊಂಡಳು. ಕಲ್ಲಿನ ಒಡ್ಡು ಹಾಕುವುದು, ಹುಲ್ಲಿನ ಬೀಜ ಆರಿಸುವುದು, ತೋಳದ ಹೆಜ್ಜೆಯನ್ನು ನಾಯಿಯ ಹೆಜ್ಜೆಯಿಂದ ಬೇರೆ ಮಾಡಿ ನೋಡುವುದು ಎಲ್ಲ ಕಲಿತಳು. ಕೊನೆಯ ಪರೀಕ್ಷೆ ಮಾತ್ರ ಊರಿನಲ್ಲೇ. ಎಮ್ಮಿಗುಡ್ಡದ ಒಂದು ಇಳಿಜಾರನ್ನು ಮಳೆ ಹಿಡಿದಾಗಿನಿಂದ ದಸರೆಯವರೆಗೆ ಮೇಯಿಸದೆ ಉಳಿಸಬೇಕು. ಹುಲ್ಲು ತೆನೆಗಟ್ಟಿ ಬೀಜ ಉದುರಿಸಿದರೆ ಗುಡ್ಡ ಕಾಯುವ ಕೆಲಸ ಅವಳದು. ಒಂದೇ ಒಂದು ಹಿಂಡು ನುಗ್ಗಿದರೂ ಮತ್ತೆ ಕೂಲಿ.

ಬೋರ್ಡಿನ ಸುದ್ದಿ ಕೇಳಿ ತರಬೇತಿಯ ಸುರೇಖಾ ಮೇಡಂ ಫೋನಿನಲ್ಲಿ ಕೇಳಿದರು: "ನಿಮ್ಮ ಹಿರ್ಯಾರು ಬೋರ್ಡಿಲ್ದ ಹೆಂಗ ಗುಡ್ಡ ಮುಚ್ಚತಿದ್ರು, ಹಂಪವ್ವ?"

ಅದು ಅವಳಿಗೆ ಗೊತ್ತಿತ್ತು. ಅತ್ತೆ ಹೇಳುತ್ತಿದ್ದಳು. ಹಿಂದೆಲ್ಲ ಮುಂಗಾರು ಹಿಡಿಯುತ್ತಲೇ ಮುದಿಯಪ್ಪನ ಅಜ್ಜ ಗುಡ್ಡದ ಬುಡದ ಕಲ್ಲುಗಳಿಗೆ ಭಂಡಾರ, ಅಂದರೆ ಬೀರಪ್ಪನ ಗುಡಿಯ ಅರಿಶಿನ ಪುಡಿ, ಹಚ್ಚಿ ಬರುತ್ತಿದ್ದ. ದಸರೆಗೆ ಅವನೇ ಹೋಗಿ ಕಾಯಿ ಒಡೆಯುವತನಕ ಕುರಿಯೊಂದೂ ಆ ಕಲ್ಲು ದಾಟುತ್ತಿರಲಿಲ್ಲ. ಆ ಪದ್ಧತಿ ಎಂದೋ ನಿಂತಿತ್ತು. ಹಚ್ಚುವ ಹಕ್ಕು ಮಾತ್ರ ಇಂದಿಗೂ ಆ ಮನೆಯ ಗಂಡಸರದೇ.

ತಲೆ ತುಂಬ ಸೆರಗು ಹೊದ್ದು, ಬೀರಪ್ಪನ ಹೆಸರು ಹೇಳಿ, ಹಂಪವ್ವ ಆ ಕಲ್ಲುಗಳಿಗೆ ತಾನೇ ಭಂಡಾರ ಹಚ್ಚಿದಳು.

ಮರುದಿನ ಗುಡಿಕಟ್ಟೆಯ ಮುಂದೆ ಊರೇ ನೆರೆಯಿತು. ಮುದಿಯಪ್ಪನ ಮುಖ ಕೆಂಡವಾಗಿತ್ತು. "ಯಾರನ್ನ ಕೇಳಿ ಹಚ್ಚೀದಿ? ನಮ್ಮನ್ಯಾಗ ಗಂಡಸ್ರು ಸತ್ತಾರೇನ?"

"ತಪ್ಪಾಗಿದ್ರ ಅಳಿಸಿ ಬಿಡ್ರಿ, ಭಾವಾರ."

ಮುದಿಯಪ್ಪ ಸುತ್ತ ನೋಡಿದ. ಯಾರೂ ಕೈ ಮುಂದೆ ಮಾಡಲಿಲ್ಲ. ಹಚ್ಚಿದ್ದು ತಪ್ಪಾಗಿರಬಹುದು, ಆದರೆ ಭಂಡಾರ ಬೀರಪ್ಪನದು.

ನೆರೆಮನೆಯ ಗಿಡ್ಡಪ್ಪ ಅಂಗೈಯಲ್ಲಿ ತಂಬಾಕು ತಿಕ್ಕುತ್ತ ಅಂದ: "ಶ್ಯಾಣ್ಯಾಕಿ ಅದಾಳಪಾ! ದೇವ್ರನ್ನ ಕಾವಲಿಗೆ ನಿಂದರ್ಸ್ಯಾಳ, ಪಗಾರ ತಾ ತಗೋತಾಳ!"

ಕಟ್ಟೆ ತುಂಬ ನಗೆ. ಹಂಪವ್ವನಿಗೆ ಬೈಗುಳಕ್ಕಿಂತ ಆ ಮಾತೇ ಹೆಚ್ಚು ನಟ್ಟಿತು. ಅದು ಪೂರ್ತಿ ಸುಳ್ಳಾಗಿರಲಿಲ್ಲ. ಅಂದಿನಿಂದ ಅವಳು ಗುಡಿಯ ಒಳಗೆ ಹೋಗಲಿಲ್ಲ. ಹೊರಗಿನಿಂದಲೇ ಕೈಮುಗಿದು, "ಸಿಟ್ಟಿದ್ರ ನನ್ನ ಮ್ಯಾಲ ಇರಲೆಪ್ಪಾ, ಹುಲ್ಲಿನ ಮ್ಯಾಲ ಬ್ಯಾಡ," ಎನ್ನುತ್ತಿದ್ದಳು.

ಊರು ಅವಳೊಂದಿಗೆ ಮಾತು ಬಿಟ್ಟಿತು. ಅವಳು ನಳದ ಹತ್ತಿರ ಬಂದರೆ ಹೆಂಗಸರು ಅರೆ ತುಂಬಿದ ಕೊಡ ಎತ್ತಿಕೊಂಡು ನಡೆದರು. ನಾಗರಪಂಚಮಿಗೆ ಮುದಿಯಪ್ಪನ ಮನೆಯಿಂದ ಒಂದು ಉಂಡಿ ಕೂಡ ಬರಲಿಲ್ಲ. ಹಿಂಡುಗಳು ಗುಡ್ಡ ಸುತ್ತಿ ಬಳಸಿ ಹಳ್ಳದಾಚೆ ಹೋಗಬೇಕಾಯಿತು. ಹೋಗುವಾಗ ಕುರಿಗಾರರು ಒಬ್ಬೊಬ್ಬರೂ ಅವಳ ಬಾಗಿಲ ಮುಂದೆ ನಿಂತು, "ಆ ಕೈಗೆ ಹುಳ ಬೀಳ್ಲಿ," ಎಂದು ಕೇಳುವಂತೆ ಶಾಪ ಹಾಕಿಯೇ ಹೋಗುತ್ತಿದ್ದರು. ಆದರೆ ಕಲ್ಲನ್ನು ಯಾರೂ ದಾಟಲಿಲ್ಲ. ಹುಲ್ಲು ಮೊಳಕಾಲು ಮುಟ್ಟಿತು, ಸೊಂಟ ಮುಟ್ಟಿತು, ತೆನೆ ಬಾಗಿಸಿ ಬೀಜ ಚೆಲ್ಲಿತು.

ದಸರೆ ಬಂತು. ಹಂಪವ್ವ ಕಾಯಿ ಹಿಡಿದು ಭಾವನ ಅಂಗಳಕ್ಕೆ ಹೋದಳು.

"ನಾ ಒಡಿಯಾಂವಲ್ಲ," ಎಂದ ಮುದಿಯಪ್ಪ. "ಮುಚ್ಚಿದಾಕಿ ನೀ, ತೆಗಿಯಾಕಿನೂ ನೀನ."

ಕೆಲಸ ಅವಳಿಗೆ ಗಟ್ಟಿಯಾಗಿತ್ತು. ಸುಮ್ಮನೆ ಮನೆಗೆ ಹೋಗಬಹುದಿತ್ತು. ಆದರೆ ಬೀರಪ್ಪನ ಹೆಸರಿನಲ್ಲಿ ಮುಚ್ಚಿದ ಹುಲ್ಲನ್ನು ಒಣಗಿ ಹೋಗಲು ಬಿಡಲು ಮನಸ್ಸು ಬರಲಿಲ್ಲ.

ಬುಡದ ಕಲ್ಲಿನ ಹತ್ತಿರ ಹಿಂಡುಗಳು ಕಾದು ನಿಂತಿದ್ದವು. ಮೊದಲ ಏಟಿಗೆ ಕಾಯಿ ಒಡೆಯಲಿಲ್ಲ.

"ದೇವ್ರಿಗೂ ಮನಸ್ಸಿಲ್ಲ ನೋಡ್ರಿ!" ಎಂದ ಗಿಡ್ಡಪ್ಪ.

ಎರಡನೆಯ ಏಟಿಗೆ ಒಡೆಯಿತು. ಅವಳು ಚೂರುಗಳನ್ನು ಅಂಗೈಯಲ್ಲಿ ಹಿಡಿದು ಒಬ್ಬೊಬ್ಬರ ಮುಂದೆಯೂ ನಿಂತಳು. ಒಬ್ಬರೂ ಕೈ ಚಾಚಲಿಲ್ಲ. ಹಾಗೇ ಕಲ್ಲಿನ ಮೇಲಿಟ್ಟಳು. ಮುದಿಯಪ್ಪನ ಟಗರು ಮೂತಿ ತೂರಿಸಿ ಒಂದು ಚೂರನ್ನು ಕಟಕಟ ಕಡಿದು ನುಂಗಿತು. ಅವನು ಬಡಿಗೆ ಎತ್ತಿದ. ಪ್ರಸಾದ ತಿಂದ ಬಾಯಿಗೆ ಹೊಡೆಯುವಂತಿಲ್ಲವೆಂದು ನೆನಪಾಗಿ ಹಾಗೇ ಇಳಿಸಿದ. ಟಗರು ಕಲ್ಲು ದಾಟಿತು. ಹಿಂಡೆಲ್ಲ ಅದರ ಬೆನ್ನು ಹತ್ತಿತು.

ಮುದಿಯಪ್ಪ ಅವಳ ಕಡೆ ಮುಖ ಮಾಡದೆ ನಡೆಯುತ್ತ ಹೇಳಿದ: "ಮುಂದಿನ ಮಳಿಗಾಲಕ್ಕ ಈ ಕಲ್ಲಿಗೆ ಕೈ ಹಚ್ಚಿದೆಂದ್ರ ನೆಟ್ಟಗಾಗೂದಿಲ್ಲ. ಭಂಡಾರ ನಮ್ಮ ಮನಿಂದ ಬರ್ತೈತಿ."

"ಹೂಂ ರೀ, ಭಾವಾರ," ಎಂದಳು ಹಂಪವ್ವ. ಕಲ್ಲಿನ ಮೇಲೆ ಉಳಿದ ಚೂರೊಂದನ್ನು ಕಣ್ಣಿಗೊತ್ತಿಕೊಂಡು ತಾನೇ ಬಾಯಿಗೆ ಹಾಕಿಕೊಂಡಳು.